ಕಪ್ಪು ಅಂಚಿನ ಜಾಹೀರಾತು

ಯುದ್ಧ ನಿಂತ ಮರುವರ್ಷ ಸರಾಯೆವೊದ ನೀರಿನ ಪೈಪುಗಳನ್ನು ಸರಿಮಾಡಿಸಲು ಪೋರ್ಚುಗಲ್‌ನಿಂದ ಬಂದಿದ್ದ ಎಂಜಿನಿಯರ್ ನೂನೊಗೆ ಒಬ್ಬ ಭಾಷೆಯ ಮೇಷ್ಟ್ರು ಬೇಕಾಗಿತ್ತು. ಮೂರು ವಾರದಲ್ಲಿ ಅವನಿಗೆ ದಕ್ಕಿದ್ದು ಎರಡೇ ಮಾತು: 'ಹೌದು', 'ಧನ್ಯವಾದ'.

ಅವನಿದ್ದ ಕಟ್ಟಡದ ಬಾಗಿಲಿಗೆ ಫೋಟೊ ಇರುವ, ಕಪ್ಪು ಅಂಚಿನ ಕಾಗದಗಳು ಅಂಟಿರುತ್ತಿದ್ದವು. ಜನ ನಿಂತು ನೋಡುತ್ತಿದ್ದರು. ಇಲ್ಲಿ ಜಾಹೀರಾತೆಂದರೆ ಹೀಗೇ ಎಂದುಕೊಂಡ ನೂನೊ, ತನ್ನ ಫೋಟೊ ಅಂಟಿಸಿ, ಸುತ್ತ ಅಚ್ಚುಕಟ್ಟಾಗಿ ಕಪ್ಪು ಅಂಚು ಎಳೆದು, ನಿಘಂಟು ನೋಡಿ ಬರೆದ: 'ಭಾಷೆ ಕಲಿಸುವವರು ಬೇಕು. ಸಂಜೆ ಐದಕ್ಕೆ ಮೂರನೆಯ ಮಹಡಿಗೆ ಬನ್ನಿ.' ಬೆಳಿಗ್ಗೆ ಅದನ್ನು ಬಾಗಿಲಿಗೆ ಹಚ್ಚಿ ಕೆಲಸಕ್ಕೆ ಹೋದ.

ಅವು ಸಾವಿನ ಸುದ್ದಿಯ ಕಾಗದಗಳು. ಕೆಳಗಿನ ಸಾಲು ಓದುವುದನ್ನು ಆ ಬೀದಿಯವರು ಬಿಟ್ಟು ವರ್ಷಗಳಾಗಿದ್ದವು. ಮುಖ ನೋಡಿದರೆ ಸಾಕಾಗುತ್ತಿತ್ತು.

ಸಂಜೆ ನೂನೊ ಬಂದಾಗ ಮೆಟ್ಟಿಲ ತುಂಬ ಜನ. ಎಲ್ಲರ ಕೈಯಲ್ಲೂ, ಅಲ್ಲಿ ಸಾವಿನ ಮನೆಗೆ ಒಯ್ಯುವ ಕಾಫಿಪುಡಿ, ಸಕ್ಕರೆಯ ಪೊಟ್ಟಣ. ಇಷ್ಟೊಂದು ಮೇಷ್ಟ್ರುಗಳೇ ಎಂದು ಅವನು ಹಿಗ್ಗಿದ.

ಮನೆಯೊಡತಿ ಶೆಫಿಕಕ್ಕ ಅವನನ್ನು ಕಂಡು ಕಿಟಾರನೆ ಕಿರುಚಿ, ಆಮೇಲೆ ಎದೆ ಹಿಡಿದುಕೊಂಡು, "ತಮ್ಮ ಇರ್ಬೇಕು ಕಣ್ರೇ! ಅದೇ ಮೂಗು! ಪಾಪ, ಅಣ್ಣನ ಕೋಟೇ ಹಾಕ್ಕೊಂಡು ಬಂದಿದಾನೆ," ಎಂದಳು.

"ಅಣ್ಣ ತುಂಬಾ ನರಳಿದ್ನೇನಪ್ಪಾ?" ಪಕ್ಕದ ಮನೆಯಾಕೆ ಕೇಳಿದಳು.

"ಹೌದು, ಹೌದು!" ನೂನೊ ಹಲ್ಲು ಕಿರಿದ.

"ದುಃಖಕ್ಕೆ ತಲೆ ಕೆಟ್ಟಿದೆ," ಎಂದಳು ಆಕೆ.

"ಧನ್ಯವಾದ!"

ಮುದುಕಿಯೊಬ್ಬಳು ಅವನನ್ನು ತಬ್ಬಿ ಗೊಳೋ ಎಂದಳು. ಮೇಷ್ಟ್ರುಗಳು ಅಳುವುದೇಕೆಂದು ತಿಳಿಯದ ನೂನೊ ಸಂತೆಯಲ್ಲಿ ಕೈಬಿಟ್ಟ ಕುರಿಯಂತೆ ಸುತ್ತ ನೋಡಿದ.

ಕೊನೆಗೆ ಬಂದವರು ನಿವೃತ್ತ ಮೇಷ್ಟ್ರು ಮ್ಲಾಡೆನ್. ಬಾಗಿಲಿಂದ ಕಿತ್ತ ನೂನೊನ ಕಾಗದ ಅವರ ಕೈಯಲ್ಲಿತ್ತು. "ಅಯ್ಯೋ ಪೆದ್ದುಗಳಾ, ಪೂರ್ತಿ ಓದೋದಲ್ವಾ? ಇವನಿಗೆ ಬೇಕಾಗಿರೋದು ಮೇಷ್ಟ್ರು! ಇವನು ಸತ್ತಿಲ್ಲ!"

ಮೆಟ್ಟಿಲೆಲ್ಲ ಗೊಳ್ಳೆಂದು ನಕ್ಕಿತು. ಅತ್ತಿದ್ದ ಮುದುಕಿ ಅವನ ಬೆನ್ನಿಗೊಂದು ಗುದ್ದಿದಳು. ನಗದವಳು ಶೆಫಿಕಕ್ಕ ಒಬ್ಬಳೇ.

"ಬದುಕಿರೋದು ಸಂತೋಷಾನೇ ಮೇಷ್ಟ್ರೇ. ಆದ್ರೆ ಇವನು ಸತ್ತ ಅಂತ ಮಧ್ಯಾಹ್ನಾನೇ ಇವನ ಕೋಣೇನ ಡೆನ್ಮಾರ್ಕಿಂದ ಬಂದಿರೋ ಡಾಕ್ಟ್ರಮ್ಮನಿಗೆ ಕೊಟ್ಬಿಟ್ಟೆ. ಆಗ್ಲೇ ಒಳಗೆ ಮಲಗಿದಾರೆ. ಊರಲ್ಲಿ ಸೂರಿರೋ ಮನೆ ಎಷ್ಟಿವೆ ಹೇಳಿ? ಕೊಟ್ಟ ಮಾತು ಹೆಂಗೆ ತಪ್ಲಿ?"

ನೆರೆಯವರೆಲ್ಲ ಸೇರಿ ಕೈಗೊಂದು ಪೆಟ್ಟಿಗೆ ಎತ್ತಿ, ನಿಮಿಷದಲ್ಲಿ ನೂನೊನ ಸಾಮಾನನ್ನು ಬೀದಿಗೆ ಇಳಿಸಿದರು. ಅವನು ಒಬ್ಬೊಬ್ಬರಿಗೂ ಧನ್ಯವಾದ ಹೇಳಿದ.

ಮ್ಲಾಡೆನ್ ಮೇಷ್ಟ್ರು ಪೆಟ್ಟಿಗೆಯ ಮೇಲೆ ಕೂತು, ಅವನನ್ನೂ ಕೂರಿಸಿಕೊಂಡು, ಅಲ್ಲೇ ಮೊದಲ ಪಾಠ ಶುರುಮಾಡಿದರು.

"ನಾನು ಹೇಳಿದ ಹಾಗೇ ಹೇಳಪ್ಪಾ: ಅಮ್ಮಾ, ಬಾಡಿಗೆಗೆ ಕೋಣೆ ಇದೆಯಾ?"