ಇಡೀ ರಾಶಿಗೆ ಮೇಲಿನ ರೂಮು

ಮಾಮ ಇಸ್ಪೀಟೆಲೆ ಕೈಗೆ ಬಂದ ಕೂಡಲೇ ನೋಡುವುದಿಲ್ಲ. ಮಗ್ಗದಿಂದ ಇಳಿಸಿದ ಹೊಸ ಸೀರೆಯಂತೆ ಮೊದಲು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ತಿರುಪ್ಪೂರಿನ ಅವರ ಮನೆಯಲ್ಲಿ ಪ್ರತಿ ಭಾನುವಾರ ಪೋಕರ್ ಶುರುವಾಗುವುದು ಹೀಗೆ. ನನ್ನ ತಲೆ ಕೆಡುವುದೂ ಅಲ್ಲಿಂದಲೇ.

ಕಲಿಸಿದ ತಪ್ಪಿಗೆ ಅನುಭವಿಸುತ್ತಿದ್ದೇನೆ. ಪಣಕ್ಕೆ ಶರ್ಟ್ ಗುಂಡಿಗಳು. ಗುಂಡಿ ರಾಶಿಯಲ್ಲಿ ಅರ್ಧ ಅತಿ ದೊಡ್ಡ ಕೈಗೆ, ಅಂದರೆ ಕೂಡಿಬಂದ ಎಲೆಗಳಿಗೆ, ಅರ್ಧ ಅತಿ ಚಿಕ್ಕ ಕೈಗೆ. ಎರಡೂ ಕಡೆ ಗೆಲ್ಲುವಂಥ ಎಲೆ ಬಂದರೆ ಆಡಬೇಕು, ಇಲ್ಲದಿದ್ದರೆ ಬಿಟ್ಟು ಕೂರಬೇಕು. ಇಷ್ಟೇ ಸೂತ್ರ.

ಬಿಡುವ ಮರ್ಯಾದೆ

"ಇದು ಆಗಲ್ಲ ಅಜ್ಜಿ, ಬಿಟ್ಬಿಡಿ."

"ಸೊಸೆ ಎದುರಿಗೆ ನಾನು ಬಿಡೋದಾ ಸಾಮಿ?" ಎಂದರು ಮಾಮನ ಅಮ್ಮ. ಮುದ್ದಿಗೆ ಈ ಮನೆಯಲ್ಲಿ ನಾನು ಸಾಮಿ, ಕಣ್ಣು.

ಸೊಸೆಗೆ, ಅಂದರೆ ಮಾಮನ ಹೆಂಡತಿ ಅತ್ತೆಗೆ, ಅದನ್ನೇ ಹೇಳಿದೆ. "ದೊಡ್ಡವರು ಆಡ್ತಿರುವಾಗ ನಾನು ಬಿಟ್ಟರೆ ಮರ್ಯಾದೆಯಾ?" ಎಂದರು.

ಇಬ್ಬರೂ ಇವತ್ತಿನವರೆಗೆ ಒಂದು ಆಟವನ್ನೂ ಬಿಟ್ಟಿಲ್ಲ.

ಗುಟ್ಟು

"ರೀ, ಮೂರು ರಾಣಿ ಬಂದ್ರೆ ದೊಡ್ಡದಾ?" ಎಂದು ಅತ್ತೆ ಮಾಮನನ್ನು ಜೋರಾಗಿ ಕೇಳಿದರು.

"ಎಲೆ ಗುಟ್ಟಾಗಿರಬೇಕು ಅತ್ತೆ!"

ಮುಂದಿನ ಆಟದಲ್ಲಿ ಮಾಮನ ಕಿವಿಗೆ ಬಾಯಿಟ್ಟು ಕೇಳಿದರು. ಅವರೂ ಎದುರಾಳಿ ಅಂದೆ.

"ಗಂಡನ ಹತ್ರ ಎಂಥ ಗುಟ್ಟು, ಕಣ್ಣು?"

ರೂಮು

ನನ್ನ ಆನ್‌ಲೈನ್ ಆಫೀಸು ಅವರ ಹಾಲ್‌ನಲ್ಲೇ. ಮೀಟಿಂಗಿನಲ್ಲಿ ನಾನು ಕಷ್ಟಪಟ್ಟು ಬಾಯಿ ಬಿಟ್ಟು ಹೇಳುವ ಒಂದೇ ವಾಕ್ಯಕ್ಕೂ ಅತ್ತೆ ಅಡುಗೆಮನೆಯಿಂದ "ಗಟ್ಟಿಯಾಗಿ ಹೇಳು!" ಅನ್ನುತ್ತಾರೆ. ಮೀಟಿಂಗಿನವರೆಲ್ಲ ನಗುತ್ತಾರೆ. ಮೇಲೆ ಬಾಗಿಲಿರುವ ರೂಮೊಂದಿದೆ. ಅದರ ತುಂಬ ಮಾಮನ ಬನಿಯನ್ ಪೆಟ್ಟಿಗೆಗಳು. ಆ ರೂಮು ಕೊಡಿ ಎಂದು ಕೇಳಿ ಕೇಳಿ ಸಾಕಾಗಿತ್ತು.

ಕಳೆದ ವಾರ ಮಾಮ ಎಂದರು, "ಒಂದೇ ಆಟದಲ್ಲಿ ಇಡೀ ರಾಶಿ ಗೆದ್ದು ತೋರಿಸು, ರೂಮು ನಿಂದು."

ಆಗಲೇ ಬಂತು: ಇಸ್ಪೀಟಿನ ಎಕ್ಕ, ಜೊತೆಗೆ ಅದೇ ಜಾತಿಯ ಎರಡು. ದೊಡ್ಡದಕ್ಕೂ ಆಗುವ, ಚಿಕ್ಕದಕ್ಕೂ ಆಗುವ ಕೈ. ಎಲ್ಲರಿಗೂ ಸೇರಿದ, ನೆಲದ ಮೇಲಿನ ಎಲೆಗಳೂ ಒಂದೊಂದಾಗಿ ನನ್ನ ಪರವಾಗಿಯೇ ತೆರೆದವು. ಎಲ್ಲ ಗುಂಡಿ ಮುಂದೆ ನೂಕಿದೆ. ಎಲೆ ತೋರಿಸಿದೆವು. ದೊಡ್ಡ ಕೈ ನನ್ನದೇ. ಮನಸ್ಸಿನಲ್ಲೇ ರೂಮಿಗೆ ಪರದೆ ಹಾಕಿಯಾಗಿತ್ತು.

"ನಂದೇನೂ ಇಲ್ಲ ಸಾಮಿ," ಎಂದು ಅಜ್ಜಿ ನಾಚಿಕೊಂಡು ಎಲೆ ಇಟ್ಟರು. "ಒಂದು ಎಕ್ಕ, ಒಂದು ಎರಡು."

ನನ್ನ ಚಿಕ್ಕ ಕೈಯಷ್ಟೇ ಚಿಕ್ಕದು. ಆ ಅರ್ಧವನ್ನು ಇಬ್ಬರೂ ಹಂಚಿಕೊಳ್ಳಬೇಕು.

"ನನ್ನ ಗುಂಡಿಯೂ ನೀನೇ ಇಟ್ಕೊ, ಕಣ್ಣು," ಎಂದರು ಅಜ್ಜಿ.

"ಅದೆಲ್ಲ ಆಗಲ್ಲಮ್ಮ," ಎಂದರು ಮಾಮ. "ರೂಲ್ಸು ಅವಳದ್ದೇ!"

"ಮಾಮ!" ನನ್ನ ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ನನಗೇ ಗಾಬರಿ. "ರಾಶಿಯಲ್ಲಿ ಮುಕ್ಕಾಲು ನಂದಲ್ವಾ? ರೂಮಲ್ಲೂ ಮುಕ್ಕಾಲು ಕೊಡಿ. ಪೆಟ್ಟಿಗೆಗಳನ್ನ ಒಂದು ಮೂಲೆಗೆ ಸೇರಿಸೋಣ."

ಮಾಮ ಮುಂದಿನ ಆಟದ ಎಲೆಗಳನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ.