ಅರಸಿನ ಎಲೆಯ ಕೇಕು

ಉಡುಪಿಯವನೆಂದು ಹೇಳಿಕೊಳ್ಳುವುದು ಸುಲಭ, ಹೇಳಿದ ಮೇಲೆ ನಿಭಾಯಿಸುವುದು ಕಷ್ಟ. ಒಮ್ಮೆ ಪುಣೆಯ ತರಬೇತಿಗೆ ಹೋದಾಗ ಜೊತೆಗಿದ್ದ ಅಧಿಕಾರಿಯೊಬ್ಬರು ನನ್ನ ಊರು ಕೇಳಿದವರೇ, ನನ್ನ ಮೇಲಿನ ಗೌರವಕ್ಕೆ ಮೀನಿನ ಊಟದ ಆಸೆ ಬಿಟ್ಟು ಊರೆಲ್ಲ ಸುತ್ತಿ ಶುದ್ಧ ಸಸ್ಯಾಹಾರಿ ಹೋಟೆಲು ಹುಡುಕಿದರು. ಕಾಪುವಿನ ಮೀನುಗಾರರ ಮನೆಯಲ್ಲಿ ಹುಟ್ಟಿದ ನಾನು, ಅವರ ಮನಸ್ಸು ನೋಯಿಸಲಾರದೆ ಎರಡು ಇಡ್ಲಿ ತಿಂದು ಎದ್ದೆ. ಕಾಪುವಿನವನೆಂದು ಸರಿಯಾಗಿ ಬಿಡಿಸಿ ಹೇಳಿದರೂ ಬಿಡುಗಡೆಯಿಲ್ಲ. ಹಾಗಾದರೆ ಚೆನ್ನಾಗಿ ಈಜುತ್ತೀರಿ ಎನ್ನುತ್ತಾರೆ. ನನಗೆ ಈಜು ಬರುವುದಿಲ್ಲ. ದೋಣಿ ಹತ್ತಿದರೆ ವಾಂತಿ ಬರುತ್ತದೆ. ಇದನ್ನು ನೋಡಿಯೇ ಅಪ್ಪ ನನ್ನನ್ನು ಓದಲು ಬಿಟ್ಟರು, ಹಾಗಾಗಿ ಉಡುಪಿಯ ವಿಮಾ ಕಚೇರಿಯೊಂದರಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದೇನೆ. ಇಷ್ಟೆಲ್ಲ ಅನುಭವಿಸಿದ ಮನುಷ್ಯ ಬೇರೆಯವರ ವಿಷಯದಲ್ಲಿ ಜಾಗ್ರತೆಯಿಂದ ಇರಬೇಕಿತ್ತೆಂದು ನಿಮಗೆ ಅನ್ನಿಸಬಹುದು. ನನ್ನ ಹೆಂಡತಿ ಶಶಿಕಲಾಳಿಗೂ ಹಾಗೆಯೇ ಅನ್ನಿಸುತ್ತದೆ.

ಶಶಿಕಲಾ ಕಟಪಾಡಿಯ ನಮ್ಮ ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ. ಸುತ್ತಮುತ್ತಲ ಮಕ್ಕಳ ಹುಟ್ಟುಹಬ್ಬ ಅವಳ ಕೇಕಿಲ್ಲದೆ ಆಗುವುದಿಲ್ಲ. ಆದರೆ ಮಣಿಪಾಲದ ಗಿರಾಕಿಗಳು ಮಾತ್ರ ಅವಳಿಗೆ ಒಲಿದಿರಲಿಲ್ಲ. ಒಂದು ಸಲ ಹೊರಗಿನಿಂದ ಬಂದು ಅಲ್ಲಿಯ ಫ್ಲ್ಯಾಟಿನಲ್ಲಿ ನೆಲೆಸಿದ ಹೆಂಗಸೊಬ್ಬರು ಫೋನು ಮಾಡಿ ಎಲ್ಲ ವಿಚಾರಿಸಿ, ಕೊನೆಗೆ, ನಿಮ್ಮ ಊರಿನವರ ಸಾಂಬಾರು, ದೋಸೆ ಬಹಳ ಚೆನ್ನ, ಕೇಕು ನಾವು ಬೇರೆ ಕಡೆ ನೋಡುತ್ತೇವೆ ಎಂದು ಇಟ್ಟುಬಿಟ್ಟರಂತೆ. ಅಂದು ಮನೆಯಲ್ಲಿ ಸಾಂಬಾರೂ ಇರಲಿಲ್ಲ, ದೋಸೆಯೂ ಇರಲಿಲ್ಲ. ಗಂಜಿ ಕುಡಿದು ಮಲಗಿದೆವು. ಮಣಿಪಾಲದ ಹೋಟೆಲೊಂದು ಕೇಕಿನ ಸ್ಪರ್ಧೆ ಇಟ್ಟಿದೆ, ‘ನಮ್ಮ ಕರಾವಳಿ’ ಎಂಬುದು ವಿಷಯ ಎಂದು ಗೊತ್ತಾದ ದಿನವೇ ಅವಳು ಹೆಸರು ಕೊಟ್ಟು ಬಂದದ್ದು ಆ ಸಿಟ್ಟಿನಲ್ಲಿ.

ವಿಷಯ ಕೇಳಿದ ಕೂಡಲೇ ನನ್ನೊಳಗಿನ ಕಲಾವಿದ ಎದ್ದು ಕುಳಿತ. ಕರಾವಳಿ ಎಂದರೆ ಯಕ್ಷಗಾನ, ಯಕ್ಷಗಾನ ಎಂದರೆ ಕಿರೀಟ. ಕೇಕಿನ ಮೇಲೆ ಸಕ್ಕರೆ ಹಿಟ್ಟಿನ ಕಿರೀಟ, ಕೆಳಗೆ ನೀಲಿ ಕ್ರೀಮಿನ ಅಲೆ, ಬದಿಯಲ್ಲಿ ಒಂದು ತೆಂಗಿನಮರ, ಜಾಗ ಉಳಿದರೆ ಹುಲಿವೇಷದ ಮುಖ. ಕಾಗದದ ಮೇಲೆ ಚಿತ್ರ ಬರೆದೂ ಕೊಟ್ಟೆ. ಬೇರೆ ಉಪಾಯ ಹೊಳೆಯದ ಶಶಿಕಲಾ ಒಂದು ಸಲ ಮಾಡಿ ನೋಡಿದಳು. ಮಳೆಗಾಲದ ತೇವಕ್ಕೆ ಕಿರೀಟ ಮೆಲ್ಲಗೆ ಜಾರಿ ಕುಸಿದು, ನೆನೆದ ಕೋಳಿಯ ಹಾಗೆ ಕುಳಿತಿತು. ಇನ್ನೂ ಸ್ವಲ್ಪ ಗಟ್ಟಿ ಕಲಸಬೇಕಿತ್ತು ಎಂದೆ. ಅವಳು ನನ್ನ ಕಡೆ ನೋಡದೆ ಪಾತ್ರೆ ತೊಳೆದಳು. ಆಮೇಲೆ ಹೇಳಿದಳು: “ಕಿರೀಟವನ್ನು ನಾನು ದೂರದಿಂದ ನೋಡಿದ್ದು ಮಾತ್ರ ಮಾರಾಯ್ರೆ. ಅರ್ಧ ಆಟಕ್ಕೆ ನಿದ್ರೆ ಬರುತ್ತಿತ್ತು. ಗೊತ್ತಿಲ್ಲದ್ದನ್ನು ಎಂತ ಮಾಡುವುದು?”

ಸ್ಪರ್ಧೆಯ ಹಿಂದಿನ ದಿನ ಸುಮ್ಮನೆ ಒಂದು ಸಾದಾ ಕೇಕು ಮಾಡಿ ಒಯ್ಯುವುದೆಂದು ತೀರ್ಮಾನಿಸಿ ಅವಳು ಹಿಟ್ಟು ಕಲಸಿದಳು. ಒವನ್ ಬಿಸಿಯಾಗುವ ಹೊತ್ತಿಗೆ ಕರೆಂಟು ಹೋಯಿತು. ಕಟಪಾಡಿಯಲ್ಲಿ ಮಳೆ ಬಂದರೆ ಕರೆಂಟು ಹೋಗುವುದು ಹೊಸತೇನೂ ಅಲ್ಲ, ಆದರೆ ಅಂದು ಅದು ಬರುವ ಲಕ್ಷಣ ಕಾಣಲಿಲ್ಲ. ಕಲಸಿಟ್ಟ ಹಿಟ್ಟು ಕಾಯುವುದಿಲ್ಲ. ಶಶಿಕಲಾ ಕೊಡೆ ಹಿಡಿದು ಹಿತ್ತಿಲಿಗೆ ಹೋಗಿ ಅರಸಿನದ ಎಲೆ ಕೊಯ್ದು ತಂದಳು. ಹಿಟ್ಟಿಗೆ ತೆಂಗಿನ ಹಾಲು, ಕರಗಿಸಿದ ಬೆಲ್ಲ ಬೆರೆಸಿ, ಪಾತ್ರೆಯೊಳಗೆ ಎಲೆ ಹಾಸಿ, ಹಿಟ್ಟು ಹೊಯ್ದು, ಅವಳ ಅಮ್ಮ ನಾಗರಪಂಚಮಿಗೆ ಅರಸಿನ ಎಲೆಯ ಕಡುಬು, ನಮ್ಮ ಕಡೆಯ ‘ಗಟ್ಟಿ’, ಬೇಯಿಸುತ್ತಿದ್ದ ಹಾಗೆ ಹಬೆಯಲ್ಲಿ ಇಟ್ಟಳು. ಮನೆಯೆಲ್ಲ ಹಬ್ಬದ ಪರಿಮಳ. ಆರಿದ ಮೇಲೆ ಎಲೆ ಬಿಡಿಸಿದರೆ ಎಲೆಯ ಗೆರೆಗಳೆಲ್ಲ ಕೇಕಿನ ಮೈಮೇಲೆ ಒತ್ತಿ ಬಿದ್ದಿದ್ದವು. ಮೇಲೆ ಕಾಫಿ ಬೆರೆಸಿದ ಚಾಕಲೇಟು ತೆಳ್ಳಗೆ ಸುರಿದಳು. ಒಂದು ತುಂಡು ತಿಂದು ನಾನು, ರುಚಿ ಉಂಟು, ಆದರೆ ಇದರಲ್ಲಿ ಕರಾವಳಿ ಎಲ್ಲಿ ಕಾಣುತ್ತದೆ ಎಂದು ಕೇಳಿದೆ. ಅವಳು ಕೇಕನ್ನು ಡಬ್ಬಕ್ಕೆ ಇಳಿಸಿದಳು. ಕಾಣುವ ಹಾಗೆ ಒಂದು ಸಣ್ಣ ತೆಂಗಿನಮರವಾದರೂ ಇರಲಿ ಎಂದೆ. ಅವಳು ಡಬ್ಬದ ಮುಚ್ಚಳ ಹಾಕಿದಳು.

ಮರುದಿನ ಬಸ್ಸಿನಲ್ಲಿ ಕೇಕಿನ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಮಣಿಪಾಲಕ್ಕೆ ಹೋದೆವು. ಹೋಟೆಲಿನ ಸಭಾಂಗಣದಲ್ಲಿ ಸಾಲಾಗಿ ಮೇಜುಗಳು. ದೋಣಿಯ ಕೇಕು, ದೀಪಸ್ತಂಭದ ಕೇಕು, ಹುಲಿಮುಖದ ಕೇಕು, ನನ್ನ ಕನಸಿನದೇ ಒಂದು ಕಿರೀಟದ ಕೇಕು ಕೂಡ. ಅವುಗಳ ನಡುವೆ ನಮ್ಮದು ನೆಂಟರ ಮದುವೆಗೆ ಮನೆಯ ಸೀರೆಯಲ್ಲೇ ಬಂದವರ ಹಾಗೆ ಕಾಣುತ್ತಿತ್ತು. ನನಗೆ ನಾಚಿಕೆಯಾಗಿ, ಎಲ್ಲವನ್ನೂ ನೋಡಿ ಬರುತ್ತೇನೆಂದು ಹೊರಟು, ತಿನ್ನಲು ಇಟ್ಟ ತುಂಡುಗಳ ಕಡೆ ಬಹಳ ಹೊತ್ತು ನಿಂತುಬಿಟ್ಟೆ.

ತಿರುಗಿ ಬಂದಾಗ ನಮ್ಮ ಮೇಜಿನ ಮುಂದೆ ತೀರ್ಪುಗಾರರು ನಿಂತಿದ್ದರು. ಬಿಳಿ ಕೋಟು, ಹುಡುಗರ ಹಾಗೆ ಕತ್ತರಿಸಿದ ಕೂದಲು, ದಪ್ಪ ಅಂಚಿನ ಕನ್ನಡಕ. ದಿಲ್ಲಿಯವರೋ ಮುಂಬಯಿಯವರೋ ಇರಬೇಕು. ಇವರಿಗೆ ಅರಸಿನ ಎಲೆಯ ಗಂಧ ಹೇಗೆ ಅರ್ಥವಾದೀತು, ಶಶಿಕಲಾ ಬಾಯಿಬಿಡದೆ ನಿಂತಿದ್ದಾಳೆ, ನಾನಾದರೂ ಹೇಳಬೇಕು ಎನ್ನಿಸಿತು. “ಮೇಡಂ, ಯೇ ಹಲ್ದಿ ಕಾ ಪತ್ತಾ ಹೈ” ಎಂದು ಶುರುಮಾಡಿದೆ. ನಮ್ಮ ಸಂಸ್ಕೃತಿ, ನಾಗರಪಂಚಮಿ, ಅತ್ತೆಯ ಅಡುಗೆಮನೆ, ಎಲ್ಲವನ್ನೂ ಹಿಂದಿಯಲ್ಲಿ ದಾಟಿಸಿದೆ. ಹಬೆಗೆ ಹಿಂದಿ ಶಬ್ದ ಹೊಳೆಯದೆ, ಬಾಯಲ್ಲಿ ಬುಸ್ ಎಂದು ಸದ್ದು ಮಾಡಿ ಎರಡೂ ಕೈಗಳನ್ನು ಮೇಲಕ್ಕೆತ್ತಿ ತೋರಿಸಿದೆ. ಪಕ್ಕದ ಮೇಜಿನವರೂ ಬಂದು ನೋಡಿದರು. ತೀರ್ಪುಗಾರರು ಕೊನೆಯವರೆಗೂ ಗಂಭೀರವಾಗಿ ಕೇಳಿಸಿಕೊಂಡು, ತುಂಡನ್ನು ತಿಂದು ಮುಗಿಸಿ, ಶಶಿಕಲಾಳ ಕಡೆ ತಿರುಗಿ ತುಳುವಿನಲ್ಲಿ, ಎಲೆ ಸ್ವಲ್ಪ ಬಲಿತದ್ದು ಅಲ್ವಾ, ನಮ್ಮ ಕುಕ್ಕುಂದೂರಿನ ಮನೆಯಲ್ಲಿ ಅಜ್ಜಿ ಎಳೆಯದನ್ನೇ ಹಾಕುತ್ತಿದ್ದರು ಎಂದರು.

ಮೊದಲ ಬಹುಮಾನ ಹುಲಿಮುಖಕ್ಕೆ ಬಂತು, ಎರಡನೆಯದು ನಮಗೆ. ಅದಕ್ಕಿಂತ ಹೆಚ್ಚಿನದೆಂದರೆ, ಹೋಟೆಲಿನ ಅಡುಗೆಯವರಿಗೆ ಈ ಹಬೆಯ ಕೇಕು ಕಲಿಸಲು ಬರಬೇಕೆಂದು ಆ ತೀರ್ಪುಗಾರರು ಶಶಿಕಲಾಳನ್ನು ಕರೆದರು. ಹಿಂದಿರುಗುವ ಬಸ್ಸಿನಲ್ಲಿ ಅವಳ ಮುಖದಲ್ಲಿ ನಗು ನಿಲ್ಲಲೇ ಇಲ್ಲ. ಆ ನಗುವಿನಲ್ಲಿ ಬಹುಮಾನದ ಪಾಲೆಷ್ಟು, ನನ್ನ ಪಾಲೆಷ್ಟು ಎಂಬ ಅನುಮಾನ ನನಗೆ. ಉಡುಪಿ ದಾಟಿದ ಮೇಲೆ ಅವಳೇ ಹೇಳಿದಳು, ನಾನು ತುಂಡು ತಿನ್ನಲು ಹೋದಾಗಲೇ ಅವಳೂ ತೀರ್ಪುಗಾರರೂ ತುಳುವಿನಲ್ಲಿ ಊರು, ಮನೆ, ನೆಂಟರ ಮಾತೆಲ್ಲ ಆಡಿ ಮುಗಿಸಿದ್ದರಂತೆ.

“ಮತ್ತೆ ನನಗೆ ಹೇಳಬಾರದಿತ್ತಾ?” ಎಂದೆ.

“ಹೇಳುತ್ತಿದ್ದೆ,” ಎಂದಳು, “ನೀವು ಉಸಿರು ತೆಗೆದುಕೊಂಡಿದ್ದರೆ.”