ಸಾಹುಕಾರನ ಅಮೆರಿಕದ ಚೀಟಿ

ಟಗರು ಮೇವು ಬಿಟ್ಟರೆ ಅದು ಟಗರಿನ ಪಾಡು, ಹೆಚ್ಚೆಂದರೆ ಅದನ್ನು ಸಾಕಿದವನ ಪಾಡು. ಚಳ್ಳಕೆರೆಯ ಗೋವರ್ಧನನಿಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಗುರುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಗೋವರ್ಧನನೂ ಏನೂ ಸಂಬಂಧವಿಲ್ಲವೆಂದೇ ತಿಳಿದಿದ್ದ.

ಗೋವರ್ಧನನದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ. ಅಮೆರಿಕದ ಡಾಕ್ಟರುಗಳಿಗೆ ರೋಗಿಯನ್ನು ನೋಡುವಷ್ಟು ತಾಳ್ಮೆಯಿದೆ, ನೋಡಿದ್ದನ್ನು ಬರೆಯುವಷ್ಟಿಲ್ಲ. ಹಾಗಾಗಿ ಎಲ್ಲವನ್ನೂ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಬಿಡುತ್ತಾರೆ. ಅದು ಬೆಳಗಾಗುವಷ್ಟರಲ್ಲಿ ಇವನ ಲ್ಯಾಪ್‌ಟಾಪಿಗೆ ಬಂದು ಕೂತಿರುತ್ತದೆ. ಇವನು ಹೆಡ್‌ಫೋನ್ ಹಾಕಿಕೊಂಡು ಕೇಳಿ, ವರದಿ ಟೈಪ್ ಮಾಡಿ ಕಳಿಸಬೇಕು. ಕಾಲ ಕೆಳಗೊಂದು ಪೆಡಲ್ ಇದೆ. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ಬಾಯಿ ಮುಚ್ಚುತ್ತಾರೆ, ಎಡಕ್ಕೆ ಒತ್ತಿದರೆ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಮನೆಯಲ್ಲಿ ಅವನ ಮಾತಿಗೆ ಬಗ್ಗುವುದು ಆ ಪೆಡಲ್ ಒಂದೇ. ಎಂಟು ವರ್ಷದ ಅಭ್ಯಾಸಬಲದಿಂದ ಈಗ ಹೆಂಡತಿ ರಶ್ಮಿತಾ ಸ್ವಲ್ಪ ಜೋರಾಗಿ ಮಾತಾಡಿದರೂ ಅವನ ಕಾಲು ತಾನಾಗಿ ನೆಲದಿಂದ ಮೇಲೇಳುತ್ತಿತ್ತು.

ಅವನು ಕಳಿಸಿದ ಪ್ರತಿ ವರದಿಗೂ ಕಂಪನಿಯ ಕಂಪ್ಯೂಟರು ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತದೆ. ಹೋದ ತಿಂಗಳು ಮಗಳು ಚಿಟ್ಟಿಗೆ ಜ್ವರ ಬಂದಾಗ ಅವನ ಅಂಕ ತೊಂಬತ್ತೆಂಟಕ್ಕಿಂತ ಕೆಳಗಿಳಿದಿತ್ತು. ಮೇಲಧಿಕಾರಿ ರೂಪ ಮೇಡಂ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. "ಈ ವಾರವೂ ಇಳಿದ್ರೆ ಮನೆಯಿಂದ ಕೆಲಸ ಬಂದ್. ಸೋಮವಾರದಿಂದ ನೀವು ಕೊಯಮತ್ತೂರು ಆಫೀಸಿನಲ್ಲಿ ಕೂತು ಮಾಡಬೇಕಾಗುತ್ತೆ, ಗೋವರ್ಧನ್."

ರಶ್ಮಿತಾಳದು ಸರ್ಕಾರಿ ಶಾಲೆಯ ಮೇಷ್ಟ್ರ ಕೆಲಸ, ಬಿಟ್ಟು ಬರುವಂತಿಲ್ಲ. ಇನ್ನು ಎರಡು ವರ್ಷದ ಚಿಟ್ಟಿ ಅಪ್ಪನ ಬಲಗಿವಿ ಹಿಡಿದುಕೊಳ್ಳದೆ ನಿದ್ದೆ ಮಾಡುವವಳಲ್ಲ. ತಾನು ಕಿವಿ ಸಮೇತ ಕೊಯಮತ್ತೂರಿಗೆ ಹೋಗಿಬಿಟ್ಟರೆ ಮಗು ಏನನ್ನು ಹಿಡಿದುಕೊಂಡು ಮಲಗಬೇಕು ಎಂಬುದೇ ಅವನ ಚಿಂತೆ. ಆದ್ದರಿಂದ ಆ ದಿನ ಬಾಕಿಯಿದ್ದ ಹತ್ತೊಂಬತ್ತು ವರದಿಗಳನ್ನೂ ಒಂದು ತಪ್ಪಿಲ್ಲದೆ ಮುಗಿಸಬೇಕೆಂದು ಹಠ ತೊಟ್ಟು ಕೂತಿದ್ದ.

ಆಗ ಬಂದ ಪಾತಣ್ಣ.

ಪಾತಣ್ಣ ಉಳ್ಳಾರ್ತಿ ಕಾವಲಿನ ಹುಲ್ಲುಬಯಲ ಪಕ್ಕದ ಹಟ್ಟಿಯವನು, ಕುರಿ ಸಾಕಿದವನು, ಗೋವರ್ಧನನ ಅವ್ವ ಕೊಲ್ಲಾಪುರಮ್ಮನ ತವರಿನ ಕಡೆಯವನು. ಅವ್ವ ಊರ ತುಂಬ "ನನ್ನ ಮಗ ದಿನಾ ಇಪ್ಪತ್ತು ಜನ ಅಮೆರಿಕದ ಡಾಕ್ಟ್ರ ಜೊತೆ ಮಾತಾಡ್ತಾನೆ" ಎಂದು ಹೇಳಿಕೊಂಡು ತಿರುಗಿದ್ದರ ಫಲ ಇದು. ಪಾತಣ್ಣನ ಹಿಂದೆ ಹಗ್ಗದಲ್ಲಿ ಅವನ ಕಣ್ಮಣಿಯಂಥ ಟಗರು ಬರುತ್ತಿತ್ತು. ಅದರ ಹೆಸರು ಸಾಹುಕಾರ.

"ಅಳಿಯ, ಸಾಹುಕಾರ ಎರಡು ದಿನದಿಂದ ಒಂದೆಲೆ ಮುಟ್ಟಿಲ್ಲ. ಕಾವಲ್ ಮ್ಯಾಲೆ ಅದೇನೋ ಡ್ರೋನು ಅಂತಾರಲ್ಲ, ಆ ಫ್ಯಾನಿನ ಹಕ್ಕಿ ಗುಂಯ್ ಅಂತ ಹಾರ್ತು. ಅದನ್ನ ನೋಡ್ದೋನು ಬಾಯಿ ಮುಚ್ಚಿದಾನೆ. ನಿಮ್ಮ ಡಾಕ್ಟ್ರನ್ನ ಒಂದು ಮಾತು ಕೇಳು."

"ಮಾವ, ಅವರು ಹೇಳಿದ್ದು ನಂಗೆ ಕೇಳ್ತೈತೆ. ನಾನು ಹೇಳಿದ್ದು ಅವರಿಗೆ ಕೇಳಲ್ಲ."

"ದೊಡ್ಡ ಡಾಕ್ಟ್ರೆಲ್ಲ ಹಂಗೇ ಕಣಪ್ಪ. ನೀನು ಸ್ವಲ್ಪ ಜೋರಾಗಿ ಕೇಳು."

"ದನದ ಆಸ್ಪತ್ರೆಗೆ ತೋರ್ಸಿದ್ರಾ?"

"ತೋರ್ಸಿದೆ. ಏನೂ ಆಗಿಲ್ಲ, ಹೆದರೈತೆ, ತಾನೇ ಸರಿಹೋಗ್ತೈತೆ ಅಂದ್ರು. ಒಂದು ಚೀಟಿನೂ ಬರ್ಕೊಡ್ಲಿಲ್ಲ. ಚೀಟಿ ಇಲ್ದಂಗೆ ಎಲ್ಲಾದ್ರೂ ವಾಸಿ ಆಗ್ತೈತಾ? ನೀನು ಚೀಟಿ ಕೊಡೋತನಕ ನಾನು ಇಲ್ಲೇ ಇರ್ತೀನಿ, ನಿನ್ನ ಕೆಲ್ಸ ನೀನು ಮಾಡ್ಕೊ."

ಹೀಗೆಂದು ಪಾತಣ್ಣ ಟಗರನ್ನು ಗೋವರ್ಧನನ ಕೋಣೆಯ ಕಿಟಕಿ ಸರಳಿಗೆ ಕಟ್ಟಿ, ಜಗುಲಿಯ ಮೇಲೆ ಕಂಬಳಿ ಹಾಸಿ ಕೂತ. ಅವ್ವ ಅವನಿಗೆ ಚಹಾ ಕೊಟ್ಟಳು. ಸಾಹುಕಾರ ಸರಳಿನ ನಡುವೆ ಮೂತಿ ತೂರಿಸಿ ಐದೈದು ನಿಮಿಷಕ್ಕೊಮ್ಮೆ "ಬ್ಯಾ" ಎಂದ. ಹೆಡ್‌ಫೋನಿನಲ್ಲಿ ಯಾವುದೋ ಅಜ್ಜಿಯ ಮೂತ್ರಕೋಶದ ವಿಚಾರ ನಡೆಯುತ್ತಿದ್ದಾಗ ಹೊರಗಿನಿಂದ ಹೀಗೆ ಅಭಿಪ್ರಾಯ ಬಂದರೆ ಯಾರಿಗೆ ಕೆಲಸ ಸಾಗುತ್ತದೆ? ಊಟದ ಹೊತ್ತಾದರೂ ಹದಿನಾಲ್ಕು ವರದಿ ಬಾಕಿ ಉಳಿದವು.

ಒಂದೂವರೆಗೆ ಆಶಾ ಬಂದಳು. ಚಿತ್ರದುರ್ಗದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಈ ಕೆಲಸ ಕಲಿತವರು. ಮದುವೆಯಾಗಿ ಮೊಳಕಾಲ್ಮೂರು ಸೇರಿದ ಅವಳೂ ಮನೆಯಿಂದಲೇ ಇದೇ ಕೆಲಸ ಮಾಡುತ್ತಿದ್ದಳು, ಆದರೆ ಬೇರೆ ಕಂಪನಿಗೆ. ಚಳ್ಳಕೆರೆಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ, ಮೂರು ವರ್ಷದ ಮೇಲೆ ಹಳೆಯ ಗೆಳೆಯನನ್ನು ನೋಡಿಕೊಂಡು ಹೋಗಲು ಬಂದಿದ್ದಳು. ಗೋವರ್ಧನನಿಗೆ ಎಷ್ಟು ಖುಷಿಯಾಯಿತೆಂದರೆ ಅಜ್ಜಿಯ ಮೂತ್ರಕೋಶವನ್ನು ಅರ್ಧಕ್ಕೇ ನಿಲ್ಲಿಸಿದ.

"ಮಗ ಹೆಂಗಿದಾನೆ ಆಶಾ?"

"ಅಂಜನ್? ಮೂರು ವರ್ಷದ ಗಂಡು. ಊಟ ಸಾಧಾರಣ, ನಿದ್ದೆ ಕಡಿಮೆ, ಹಟ ತೀವ್ರ. ಅಂಗನವಾಡಿ ಒಂದು ಬಿಟ್ರೆ ಬೇರೆ ಯಾವ ಅಲರ್ಜಿನೂ ಇಲ್ಲ."

"ನಿಮ್ಮತ್ತೆ?"

"ಅದು ಹಳೇ ಕಾಯಿಲೆ. ಹೋದ ಸಲಕ್ಕೂ ಈ ಸಲಕ್ಕೂ ಬದಲಾವಣೆ ಇಲ್ಲ," ಎಂದಳು ಆಶಾ. "ಮನೆ ತುಂಬ ಮಗ್ಗದ ಸದ್ದು ಕಣೋ. ರೋಗಿ ಎದೆಬಡಿತ ನಿಧಾನವಾಗೈತೆ ಅಂತ ಡಾಕ್ಟ್ರು ಹೇಳ್ತಿದ್ರೆ ನಂಗೆ ಟಕಟಕ ಟಕಟಕ ಅಂತ ಕೇಳ್ತಿರುತ್ತೆ. ಅದಿರ್ಲಿ, ಕಿಟಕಿಯಲ್ಲಿರೋ ಇವರು ಯಾರು?"

ಗೋವರ್ಧನ ಸಾಹುಕಾರನ ಕತೆಯನ್ನೂ ಕೊಯಮತ್ತೂರಿನ ಕತೆಯನ್ನೂ ಹೇಳಿದ. ಆಶಾ ಕೇಳಿ, ಕುರ್ಚಿ ಎಳೆದುಕೊಂಡಳು.

"ಒಂದು ಚೀಟಿ ತಾನೆ? ಬರೆದು ಕೊಟ್ಟು ಕಳಿಸು, ಹೋಗ್ತಾರೆ. ಚಿತ್ರದುರ್ಗದಾಗೆ ಮಾಡ್ತಿದ್ವಲ್ಲ, ಹಂಗೇ. ನಾನು ಡಾಕ್ಟ್ರು, ನೀನು ಟೈಪ್ ಮಾಡು."

ಲ್ಯಾಪ್‌ಟಾಪಿನಲ್ಲಿ ಅಜ್ಜಿಯದರ ಪಕ್ಕದಲ್ಲೇ ಮುಂದಿನ ವರದಿಯ ಹಾಳೆ ತೆರೆದಿತ್ತು. ಐವತ್ತು ವರ್ಷದ ಯಾರೋ ಗಟ್ಟಿಮುಟ್ಟಾದ ಅಮೆರಿಕದವನ ವರ್ಷದ ತಪಾಸಣೆ. ಹೆಸರು, ವಯಸ್ಸು ಮೇಲೆ ಬಂದಾಗಿತ್ತು, ಕೆಳಗೆಲ್ಲ ಖಾಲಿ. ಅದರಲ್ಲೇ ಟೈಪ್ ಮಾಡಿ, ಪ್ರಿಂಟ್ ತೆಗೆದು, ಅಳಿಸಿಬಿಟ್ಟರಾಯಿತು ಎಂದುಕೊಂಡ ಗೋವರ್ಧನ. ಪಾತಣ್ಣನನ್ನು ಒಳಗೆ ಕರೆದು ಕೂರಿಸಿದರು. ಆಶಾ ಮೂಗಿನಲ್ಲಿ ಅಮೆರಿಕದ ಇಂಗ್ಲಿಷು ಶುರುಮಾಡಿದಳು, ಪಾತಣ್ಣನಿಗಾಗಿ ನಡುನಡುವೆ ಕನ್ನಡದಲ್ಲೂ ಹೇಳಿದಳು.

ರೋಗಿಯು ಆಕಾಶದಲ್ಲಿ ಗುರುತು ಸಿಗದ ವಸ್ತುವೊಂದನ್ನು ಕಂಡ ದಿನದಿಂದ ಆಹಾರ ಬಿಟ್ಟಿದ್ದಾರೆ. ಶುದ್ಧ ಸಸ್ಯಾಹಾರಿ. ಅರವತ್ತು ಮಂದಿಯೊಂದಿಗೆ ಒಂದೇ ಸೂರಿನಡಿ ವಾಸ.

"ಬೀಡಿ, ಸಿಗರೇಟು ಐತಾ?" ಎಂದು ಕೇಳಿದಳು.

"ಒಂದು ಸಲ ನನ್ನ ಬೀಡಿ ಕಟ್ಟು ಪೂರ್ತಿ ತಿಂದಿದ್ದ. ಆಮ್ಯಾಲೆ ಬಿಟ್ಟ," ಎಂದ ಪಾತಣ್ಣ. ರೋಗಿಯು ತಂಬಾಕನ್ನು ಸ್ವಂತ ಮನೋಬಲದಿಂದ ತ್ಯಜಿಸಿದ್ದಾರೆ ಎಂದು ಬರೆಸಿದಳು.

"ಮದುವೆ?"

ಪಾತಣ್ಣ ಬೆರಳು ಮಡಿಸಿ ಲೆಕ್ಕ ಹಾಕಿದ. "ಹಿಂಡಿನಾಗೆ ಎಲ್ಲಾ ಅವನವೇ ಕಣವ್ವ."

ತುಂಬು ಕುಟುಂಬ, ಜವಾಬ್ದಾರಿ ಹೆಚ್ಚು ಎಂದು ಬರೆಸಿದಳು. ಸಲಹೆ: ಬಯಲಿನಲ್ಲಿ ನಡಿಗೆ, ಹಸಿ ಸೊಪ್ಪು, ಸರೀಕರೊಂದಿಗೆ ತಲೆಗೆ ತಲೆ ಕೊಟ್ಟು ಗುದ್ದಾಡುವುದು ಬೇಡ. ಒಂದು ವಾರ ಬಿಟ್ಟು ಮತ್ತೆ ತೋರಿಸತಕ್ಕದ್ದು.

"ಯಾರಿಗೆ ತೋರಿಸ್ಬೇಕು?" ಎಂದು ಪಾತಣ್ಣ ಕಟ್ಟುನಿಟ್ಟಾಗಿ ಕೇಳಿದ.

"ಚೀಟಿ ಬರೆದೋರಿಗೇ," ಎಂದು ಆಶಾ ಗೋವರ್ಧನನ ಕಡೆ ಬೆರಳು ತೋರಿಸಿದಳು. ಆಮೇಲೆ ಮತ್ತೆ ಮೂಗಿನ ದನಿಯಲ್ಲಿ, ಎಲ್ಲ ಡಾಕ್ಟರುಗಳೂ ಕೊನೆಗೆ ಹೇಳುವಂತೆ, ವರದಿ ಇಲ್ಲಿಗೆ ಮುಗಿಯಿತು, ಧನ್ಯವಾದ ಎಂದಳು.

ಆಗಲೇ ಆಗಿದ್ದು ಅನಾಹುತ. ಎಂಟು ವರ್ಷದಿಂದ, ದಿನಕ್ಕೆ ಇಪ್ಪತ್ತು ಸಲ, ಆ ಧನ್ಯವಾದ ಕಿವಿಗೆ ಬಿದ್ದ ಕೂಡಲೇ ಗೋವರ್ಧನನ ಬೆರಳು ಕಳಿಸುವ ಗುಂಡಿ ಒತ್ತುತ್ತಿತ್ತು. ಇವತ್ತೂ ಒತ್ತಿತು. ಒಂದು ಕಡೆ ಪ್ರಿಂಟರಿನಿಂದ ಚೀಟಿ ಹೊರಬಂತು, ಇನ್ನೊಂದು ಕಡೆ ಪರದೆಯ ಮೇಲೆ ವರದಿ ತಲುಪಿದೆ ಎಂಬ ಅಕ್ಷರ ಬಂತು.

"ಆಶಾ, ಹೋಯ್ತು ಕಣೆ."

"ಏನು ಹೋಯ್ತು?"

"ಟಗರು ಅಮೆರಿಕಕ್ಕೆ ಹೋಯ್ತು."

ಕಳಿಸಿದ್ದನ್ನು ವಾಪಸು ಎಳೆದುಕೊಳ್ಳಲು ಅರ್ಧ ಗಂಟೆಯ ಅವಕಾಶವಿತ್ತು. ಆಗ ಎರಡೂವರೆ. ಗೋವರ್ಧನ ಆ ಗುಂಡಿ ಹುಡುಕುವಷ್ಟರಲ್ಲಿ ಇಂಟರ್‌ನೆಟ್ ನಿಂತಿತು. ಚೀಟಿ ಹಿಡಿದು ಹೊರಗೆ ಹೋಗಿದ್ದ ಪಾತಣ್ಣನ ದನಿ ಕೇಳಿತು.

"ಅಳಿಯ, ತಿಂದ. ಸಾಹುಕಾರ ಬಾಯಿ ಬಿಟ್ಟ."

ಓಡಿಹೋಗಿ ನೋಡಿದರೆ ಎರಡು ದಿನದ ಉಪವಾಸ ಮುಗಿಸಿದ ಸಾಹುಕಾರ, ಕಿಟಕಿಯ ಪಕ್ಕದಲ್ಲಿ ಇಳಿದಿದ್ದ ಇಂಟರ್‌ನೆಟ್ ವೈರನ್ನು ಗೆಣಸಿನ ಬಳ್ಳಿಯಂತೆ ಮೆಲ್ಲುತ್ತಿದ್ದ. ಒಂದು ಮೊಳದಷ್ಟು ಆಗಲೇ ಒಳಗೆ ಹೋಗಿತ್ತು. ಪಾತಣ್ಣನ ಕಣ್ಣಲ್ಲಿ ನೀರು. "ಚೀಟಿ ಕೈಗೆ ಬರೋದ್ರೊಳಗೆ ಗುಣ ಆತಲ್ಲ ಅಳಿಯ," ಎಂದು ಕಾಗದವನ್ನು ಕಣ್ಣಿಗೆ ಒತ್ತಿಕೊಂಡ.

ಕಂಪನಿಯ ಸಾಫ್ಟ್‌ವೇರು ಮೊಬೈಲಿನ ನೆಟ್ ಒಪ್ಪುವುದಿಲ್ಲ. ಗೋವರ್ಧನ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಪಕ್ಕದ ಮನೆಯ ತಿಪ್ಪೇರುದ್ರಮ್ಮನ ಬಳಿಗೆ ಓಡಿದ.

"ನೆಟ್ ಐತಪ್ಪ, ಅದರ ಗುಟ್ಟಿನ ನಂಬರು ಕ್ಯಾಲೆಂಡರ್ ಹಿಂದೆ ಬರೆದೈತೆ," ಎಂದಳು ಅವಳು. "ಆದ್ರೆ ಮೊದ್ಲು ನನ್ನ ಮಂಡಿಗೆ ಬರ್ಕೊಡು. ಪಾತಣ್ಣನ ಟಗರಿಗೆ ಬರ್ದಿದ್ದು ಇಲ್ಲೀವರ್ಗೂ ಕೇಳ್ತು, ಪಕ್ಕದ ಮನೆಯೋಳು ನಾನು ಅದಕ್ಕಿಂತ ಕಡೇನಾ?"

"ಅಮ್ಮ, ನನ್ನ ಕೆಲ್ಸ ಹೋಗ್ತೈತೆ."

"ನನ್ನ ಮಂಡಿ ಹೋಗಿ ಆಗ್ಲೇ ಆರು ವರ್ಷ ಆತು."

ಬರೆದುಕೊಟ್ಟ. ಅವಳು ಓದಿಸಿ ಕೇಳಿದಳು. ಎಡಮಂಡಿ ಎಂದಿದ್ದನ್ನು ಎರಡೂ ಮಂಡಿ ಎಂದು ತಿದ್ದಿಸಿದಳು. ಕ್ಯಾಲೆಂಡರಿನ ಹಿಂದೆ ನೋಡಿದರೆ ಅದು ಈ ವರ್ಷದ್ದು, ನಂಬರು ಬರೆದಿದ್ದು ಹೋದ ವರ್ಷದ ಕ್ಯಾಲೆಂಡರಿನ ಹಿಂದೆ. ಹೋದ ವರ್ಷದ್ದು ರಾಗಿ ಡಬ್ಬಿಯ ತಳಕ್ಕೆ ಹಾಸಿದ್ದಳು. ರಾಗಿ ಸುರಿದು, ಕಾಗದ ತೆಗೆದು, ನಂಬರು ಹೊಡೆದಾಗ ಮೂರು ಗಂಟೆ ಎರಡು ನಿಮಿಷ. ವಾಪಸು ಪಡೆಯುವ ಸಮಯ ಮುಗಿದಿತ್ತು.

ರೂಪ ಮೇಡಂ ಫೋನ್ ಎತ್ತಲಿಲ್ಲ. ಗೋವರ್ಧನ ಅಲ್ಲೇ ರಾಗಿಯ ನಡುವೆ ಕೂತು, ಆ ಐವತ್ತರ ಮನುಷ್ಯನ ನಿಜವಾದ ವರದಿಯನ್ನು ಟೈಪ್ ಮಾಡಿ, ಮೊದಲು ಕಳಿಸಿದ್ದು ತಪ್ಪು, ದಯವಿಟ್ಟು ಇದನ್ನು ಪರಿಗಣಿಸಿ ಎಂದು ಬರೆದು ಕಳಿಸಿದ. ಮನೆಗೆ ಬಂದರೆ ಅಂಗಳದಲ್ಲಿ ಮೂರು ಮೇಕೆ, ಒಂದು ಕುಂಟೆಮ್ಮೆ, ಮತ್ತು ಮೂರು ದಿನದಿಂದ ಕೂಗದ ಹುಂಜವನ್ನು ಕಂಕುಳಲ್ಲಿಟ್ಟುಕೊಂಡ ಹೊನ್ನೂರಸ್ವಾಮಿ ಕಾಯುತ್ತಿದ್ದರು. ಪಾತಣ್ಣ ಚಹಾದಂಗಡಿಗೆ ಹೋಗಿ ಚೀಟಿ ತೋರಿಸಿ ಬಂದಿದ್ದ. ಆಶಾ ತನ್ನಿಂದಾದ ಪ್ರಾಯಶ್ಚಿತ್ತವೆಂದು ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಸಮಾಧಾನ ಹೇಳಿ ಕಳಿಸಿ, ಐದರ ಬಸ್ಸಿಗೆ ಮೊಳಕಾಲ್ಮೂರಿಗೆ ಹೊರಟಳು.

ಶಾಲೆಯಿಂದ ಬಂದ ರಶ್ಮಿತಾ ಎಲ್ಲವನ್ನೂ ಕೇಳಿದಳು. ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು. ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿ ಧೂಳು ಒರೆಸುತ್ತಾ, "ಕೊಯಮತ್ತೂರಿನಾಗೆ ಇಡ್ಲಿ ಮೆತ್ತಗಿರ್ತಾವಂತೆ ಕಣ್ರಿ," ಎಂದಳು, ಮುಖ ತಿರುಗಿಸಿಕೊಂಡೇ. ಚಿಟ್ಟಿ ಅಪ್ಪನ ತೊಡೆಯೇರಿ ಬಲಗಿವಿ ಹಿಡಿದಳು. ಗೋವರ್ಧನನಿಗೆ ಅಳು ಬಂತು.

ಆರು ಗಂಟೆಗೆ ರೂಪ ಮೇಡಂ ಫೋನು ಬಂತು.

"ಗೋವರ್ಧನ್, ಎರಡೂವರೆಗೆ ಒಂದು ವರದಿ ಕಳಿಸಿದ್ರಲ್ಲ?"

"ತಪ್ಪಾಯ್ತು ಮೇಡಂ."

"ನೂರಕ್ಕೆ ನೂರು ಬಂದಿದೆ ರೀ. ಮೂರು ವರ್ಷದಲ್ಲಿ ನಮ್ಮ ಕಂಪ್ಯೂಟರ್ ಯಾರಿಗೂ ನೂರು ಕೊಟ್ಟಿರಲಿಲ್ಲ. ಒಂದು ಖಾಲಿ ಜಾಗ ಇಲ್ಲ, ಒಂದು ಸಂಶಯ ಇಲ್ಲ. ಅಲ್ಲಿ ಈಗ ಬೆಳಿಗ್ಗೆ, ಡಾಕ್ಟರು ಬಂದ ಕೂಡಲೇ ಸಹಿ ಹಾಕಿದಾರೆ. ರೋಗಿಯ ಮನೆ ಪರಿಸ್ಥಿತಿನ ಇಷ್ಟು ಚೆನ್ನಾಗಿ ಯಾರೂ ಹಿಡಿದಿರಲಿಲ್ಲ ಅಂತ ಬರೆದಿದಾರೆ. ರೋಗಿಗೂ ಫೋನ್ ಮಾಡಿದ್ರಂತೆ. ಹಸಿ ಸೊಪ್ಪು ತಿನ್ನೋಕೆ ಒಪ್ಪಿದಾರಂತೆ."

"ಮೇಡಂ, ಆ ರೋಗಿ ಟಗರು."

ಆ ಕಡೆಯಿಂದ ನಗು ಕೇಳಿತು. "ನಿಮಗೆ ತಮಾಷೆನೂ ಬರುತ್ತೆ ಅಂತ ಗೊತ್ತಿರಲಿಲ್ಲ. ಆಮೇಲೆ ಅದೇ ರೋಗಿದು ಇನ್ನೊಂದು ಕಳಿಸಿದೀರಲ್ಲ, ಅದು ಬರೀ ಸಪ್ಪೆ, ತೊಂಬತ್ನಾಲ್ಕು ಬಂತು. ಅದನ್ನ ನಾನೇ ತೆಗೆಸಿಹಾಕಿದೆ."

"ಹಂಗಾದ್ರೆ ಮೇಡಂ, ನನ್ನ ಈ ವಾರದ ಅಂಕ?"

"ತೊಂಬತ್ತೊಂಬತ್ತು."

ಗೋವರ್ಧನ ಚಿಟ್ಟಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ರಶ್ಮಿತಾ ಕೈಯಲ್ಲಿದ್ದ ಧೂಳಿನ ಬಟ್ಟೆ ಕೆಳಗೆ ಬಿಟ್ಟಳು. ಅವ್ವ ದೇವರ ಮುಂದೆ ದೀಪ ಹಚ್ಚಲು ಎದ್ದಳು.

"ಅದಕ್ಕೇ ದೊಡ್ಡವರು ತೀರ್ಮಾನ ಮಾಡಿದಾರೆ," ಎಂದರು ಮೇಡಂ. "ಇಂಥವರನ್ನ ಮನೇಲಿ ಕೂರಿಸಿದ್ರೆ ಕಂಪನಿಗೇ ನಷ್ಟ. ಹೊಸದಾಗಿ ಸೇರಿದ ಮೂವತ್ತು ಜನಕ್ಕೆ ನೀವೇ ಕಲಿಸಬೇಕು. ಬಡ್ತಿ ಆಗಿದೆ, ಅಭಿನಂದನೆಗಳು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೊಯಮತ್ತೂರು ಆಫೀಸಿನಲ್ಲಿ ಇರಿ."

ಗೋವರ್ಧನನ ಕಾಲು ನೆಲವನ್ನು ಎಡಕ್ಕೆ ಎರಡು ಸಲ ಒತ್ತಿತು. ಹೇಳಿದ ಮಾತು ಹಿಂದಕ್ಕೆ ಹೋಗಲಿಲ್ಲ. ಫೋನು ಇಟ್ಟ ಮೇಲೆ ಅವನು ವಿಷಯ ಹೇಳಿದಾಗ ರಶ್ಮಿತಾ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು.

ಜಗುಲಿಯ ಮೇಲೆ ಕಂಬಳಿ ಮಡಿಸುತ್ತಿದ್ದ ಪಾತಣ್ಣನಿಗೂ ಎಲ್ಲ ಕೇಳಿಸಿತ್ತು. ಅವನು ಚೀಟಿಯನ್ನು ಹುಷಾರಾಗಿ ಮಡಚಿ ಜೇಬಿಗಿಟ್ಟುಕೊಂಡು ಬಾಗಿಲಿಗೆ ಬಂದ.

"ಒಂದು ವಾರ ಬಿಟ್ಟು ಬರೆದೋರಿಗೇ ತೋರಿಸ್ಬೇಕು ಅಂತೈತಲ್ಲ ಅಳಿಯ, ಎಲ್ಲಿದ್ರೇನು, ಮುಂದಿನ ಗುರುವಾರ ನಾವಿಬ್ರೂ ಅಲ್ಲಿಗೇ ಬರ್ತೀವಿ," ಎಂದ. "ಕೊಯಮತ್ತೂರು ಬಸ್ನಾಗೆ ಸಾಹುಕಾರನಿಗೆ ಅರ್ಧ ಟಿಕೆಟ್ ತಗಂತಾರಾ, ಪೂರ್ತಿ ತಗಂತಾರಾ, ಅದೊಂದು ವಿಚಾರ್ಸಿ ಹೇಳು."